ಬಿಳಿ ಅಕ್ಷರದ ದರ

ಬೆಳಿಗ್ಗೆ ಸಿದ್ದಾಪುರದ ಕಾಲೇಜು, ಮಧ್ಯಾಹ್ನ ಶಿರಸಿಯ ಕಾಲೇಜು. ಎರಡೂ ಕಡೆ ಬಿ.ಕಾಂ. ಮೊದಲ ವರ್ಷದವರಿಗೆ ವ್ಯವಹಾರದಲ್ಲಿ ಕಂಪ್ಯೂಟರ್ ಬಳಕೆ ಕಲಿಸುತ್ತೇನೆ. ಶಿರಸಿಗೆ ಮುಟ್ಟುವಷ್ಟರಲ್ಲಿ ಗಂಟಲೂ ಇರುವುದಿಲ್ಲ, ತಾಳ್ಮೆಯೂ ಇರುವುದಿಲ್ಲ.

ಅವತ್ತು ಶಿರಸಿಯ ಲ್ಯಾಬಿನಲ್ಲಿ ಕಿರುಪರೀಕ್ಷೆ. ನೀವೇ ಅಡಿಕೆ ವ್ಯಾಪಾರಿಗಳು ಅಂದುಕೊಳ್ಳಿ, ಟೆಂಡರಿಗೆ ಯಾವ ಅಡಿಕೆಗೆ ಎಷ್ಟು ದರ ಹಾಕುತ್ತೀರಿ ಎಂದು ಎಕ್ಸೆಲ್‌ನಲ್ಲಿ ತುಂಬಿ ಎಂದಿದ್ದೆ. ಯಲ್ಲಾಪುರದ ಅಡಿಕೆ ವ್ಯಾಪಾರಿಯೊಬ್ಬರ ಮಗಳು ನಾಗಶ್ರೀ ದರದ ಕಾಲಮ್ಮನ್ನೇ ಖಾಲಿ ಬಿಟ್ಟಿದ್ದಳು. ಸೊನ್ನೆ ಹಾಕಿದೆ.

“ದರ ಇದೆ ಸರ್. ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟಿದ್ದೆ.”

“ಎಂತಕ್ಕೆ?”

“ಪಕ್ಕದವ್ರಿಗೆ ಕಾಣಬಾರ್ದಲ್ಲ ಸರ್. ಟೆಂಡರ್ ಬರೆಯುವಾಗ ಅಪ್ಪ ನಂಗೂ ತೋರ್ಸೂದಿಲ್ಲ.”

ಖಾಲಿ ಚೌಕಗಳ ಮೇಲೆ ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಲ್ಲಿ ನೋಡಿದೆ. ಎಲ್ಲ ದರವೂ ಇತ್ತು. ವಾದಿಸಲು ತ್ರಾಣವಿಲ್ಲದೆ ಪೂರ್ತಿ ಅಂಕ ಕೊಟ್ಟೆ.

ಸಂಜೆಯೊಳಗೆ ಸುದ್ದಿ ಇಡೀ ಕ್ಲಾಸಿಗೆ ಹಬ್ಬಿತು. ಈಗ ಏನೂ ಮಾಡದವರೂ ಖಾಲಿ ಹಾಳೆ ತೋರಿಸಿ, “ಬಿಳಿ ಅಕ್ಷರದಲ್ಲಿದೆ ಸರ್” ಅನ್ನುತ್ತಾರೆ. ನಾನು ಕನ್ನಡಕ ಒರೆಸಿಕೊಂಡು, ಒಂದೊಂದೇ ಚೌಕದ ಮೇಲೆ ಕ್ಲಿಕ್ ಮಾಡುತ್ತ, ಇಲ್ಲದ ದರ ಹುಡುಕುತ್ತ ಕೂರುತ್ತೇನೆ.