ಯಂತ್ರದ ಬಾಯಿ ಕಟ್ಟಿದವರು

ಅಬ್ಬಿಗೆರೆಯ ಹಳೇ ಊರಿನ ನಾಗಲಕ್ಷ್ಮಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದು ಮನೆತನದ ಬಳುವಳಿ. ಅವರ ಮನೆಯಲ್ಲಿ ಬಾಯಿಗಿಂತ ಮೊದಲು ಕೈ ಮಾತಾಡುತ್ತಿತ್ತು. ಚಿಕ್ಕಂದಿನಲ್ಲಿ ಅಣ್ಣ ಸುಬ್ರಮಣಿ ಹೊಡೆದ ಏಟಿನ ಗುರುತು ಅವಳ ಹುಬ್ಬಿನ ಮೇಲೆ ಇಂದಿಗೂ ಇದೆ. ಆದರೂ ಅಣ್ಣನೆಂದರೆ ಪ್ರಾಣ. ಗೊರಗುಂಟೆಪಾಳ್ಯದ ಹಿಂದೆ ತಗಡು ಒತ್ತುವ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ಅಲ್ಲೇ ಮಹಡಿಯ ಕೋಣೆಯಲ್ಲಿ ಕೂತು ಪ್ರೆಸ್‌ಗಳ ಸಾಫ್ಟ್‌ವೇರ್ ನೋಡಿಕೊಳ್ಳುವವಳು ಅವಳು. ಕೆಲಸ ಕೊಡಿಸಿದ್ದೂ ಅವನೇ.

ಆಯುಧಪೂಜೆಯಾದ ವಾರದಲ್ಲೇ ಒಂದು ಪ್ರೆಸ್ಸು ಮುಜಫ್ಫರ್ ಎಂಬ ಕೆಲಸಗಾರನ ಬಲಗೈ ಬೆರಳುಗಳನ್ನು ತಗಡಿನ ಜೊತೆಗೇ ಒತ್ತಿಬಿಟ್ಟಿತು. ಅವನ ಅರಚಾಟ ಮಹಡಿಗೂ ಕೇಳಿಸಿತು. ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸಲೆಂದೇ ಅಲ್ಲೊಂದು ಸೆನ್ಸರ್ ಇತ್ತಲ್ಲ?

"ಬೇಗ ಕೆಲ್ಸ ಮುಗಿಸೋಕೆ ಅವ್ನೇ ಕಿತ್ತಾಕವ್ನೆ. ಈಗ ಮತ್ತೆ ಆಕ್ಸಿದೀನಿ" ಎಂದ ಸುಬ್ರಮಣಿ. ಎದುರಾಡಿದ ಮುಜಫ್ಫರ್‌ನ ತಮ್ಮ ಜಹೀರ್‌ನ ಕೆನ್ನೆಗೆ ಎಲ್ಲರೆದುರು ಬಾರಿಸಿ, ಅದೇ ಪ್ರೆಸ್ಸಿಗೆ ಅವನನ್ನೇ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಮಾಲೀಕ ಶ್ರೀರಾಮಪ್ಪನವರು ನಾಗಲಕ್ಷ್ಮಿಯನ್ನು ಕರೆದರು. "ಊಟ ಆದ್ಮೇಲೆ ಪೊಲೀಸ್ನೋರು ಬರ್ತಾರೆ. ಲಾಗ್ ನೋಡಮ್ಮ. ಅದ್ರಲ್ಲಿ ಎಚ್ಚರಿಕೆ ಏನೂ ಇಲ್ಲ ಅಂದ್ರೆ ಮಿಷಿನ್ ಸರಿಯಾಗಿತ್ತು ಅಂತ ಅರ್ಥ. ತಪ್ಪು ಮುಜಫ್ಫರಂದೇ."

ಯಂತ್ರ ತಾನು ಮಾಡಿದ್ದನ್ನೆಲ್ಲ ತಾನೇ ಬರೆದಿಡುವುದು ಲಾಗ್. ಅದು ಖಾಲಿಯಾಗಿತ್ತು. ಸೆನ್ಸರನ್ನು ಯಾರೇ ಕಿತ್ತಿರಲಿ, ಒಂದು ಸಾಲಾದರೂ ಇರಬೇಕಿತ್ತು. ಪ್ರೋಗ್ರಾಂನ ಸೆಟ್ಟಿಂಗ್ ನೋಡಿದಳು, ಎಲ್ಲವನ್ನೂ ಬರೆಯಬೇಕೆಂದೇ ಇತ್ತು. ಏನು ಬದಲಿಸಿದರೂ ಮತ್ತೆ ಖಾಲಿ. ಮೇಜಿಗೆ ಗುದ್ದಿದಳು. ಕೊನೆಗೆ, ಎಲ್ಲ ಪ್ರೆಸ್‌ಗಳೂ ಹಂಚಿಕೊಂಡು ಬಳಸುವ, ಯಾರೂ ಇಣುಕಿ ನೋಡದ ಪ್ರೋಗ್ರಾಂ ತುಣುಕುಗಳ ಲೈಬ್ರರಿಯನ್ನು ತೆರೆದಳು. ಪರೀಕ್ಷೆ ಮಾಡುವಾಗ ಪರದೆ ಎಚ್ಚರಿಕೆಗಳಿಂದ ಗಲೀಜಾಗುತ್ತದೆಂದು ಹಿಂದೆ ಯಾರೋ ಪುಣ್ಯಾತ್ಮ ತನ್ನದೇ ಲಾಗ್ ಸೆಟ್ಟಿಂಗನ್ನು ಅದರೊಳಗೆ ತುರುಕಿ ಹೋಗಿದ್ದ: ಯಂತ್ರ ಪೂರ್ತಿ ಕೆಟ್ಟರೆ ಮಾತ್ರ ಬರೆಯಬೇಕು. ಪ್ರೆಸ್ ಶುರುವಾದಾಗಲೆಲ್ಲ ಅದು ಪ್ರೆಸ್ಸಿನ ಸ್ವಂತ ಸೆಟ್ಟಿಂಗನ್ನು ಒರೆಸಿಹಾಕುತ್ತಿತ್ತು. ಅವನ ಕೈ ಮುರಿಯ, ಎಂದು ಬೈದು ಆ ಸಾಲುಗಳನ್ನು ಅಳಿಸಿದಳು. ಊಟದ ಬಿಡುವಿನಲ್ಲೇ ಹೊಸ ಲೈಬ್ರರಿಯನ್ನು ಪ್ರೆಸ್ಸಿಗೆ ಹಾಕಿದಳು.

ಗಂಟೆ ಹೊಡೆಯಿತು, ಪ್ರೆಸ್ ಬಡಿಯತೊಡಗಿತು. ಪ್ರತಿ ಬಡಿತಕ್ಕೂ ಪರದೆಯ ಮೇಲೆ ಅದೇ ಎಚ್ಚರಿಕೆ: ಸೆನ್ಸರ್ ಬೈಪಾಸ್ ಆಗಿದೆ, ಪ್ಯಾನೆಲ್ ಒಳಗೆ. ಅಂದರೆ ಕೈ ಅಡ್ಡ ಬಂದರೂ ಯಂತ್ರ ನಿಲ್ಲದು. ವೈರುಗಳಿರುವ ಆ ಪ್ಯಾನೆಲ್ ಪೆಟ್ಟಿಗೆಯ ಕೀ ಇರುತ್ತಿದ್ದುದು ಸುಬ್ರಮಣಿಯ ಸೊಂಟದಲ್ಲಿ ಮಾತ್ರ. ಈ ಗಳಿಗೆಯಲ್ಲಿ ಪ್ರೆಸ್ಸಿನಡಿ ಕೈಯಿಟ್ಟಿದ್ದವನು ಜಹೀರ್.

ಎದ್ದೂ ಬಿದ್ದೂ ಮಹಡಿ ಇಳಿದು ಓಡಿ ಕೆಂಪು ಗುಂಡಿಗೆ ಗುದ್ದಿದಳು. ಜಹೀರ್‌ನ ಬೆರಳಿಗಿಂತ ಗೇಣು ಮೇಲೆ ಪ್ರೆಸ್ ನಿಂತಿತು.

"ಕೀ ಕೊಡಣ್ಣ."

"ಏಯ್, ನಿನ್ ಕೆಲ್ಸ ನೀನ್ ನೋಡ್ಕಳೇ."

ಅವಳು ಅವನ ಸೊಂಟಕ್ಕೇ ಕೈ ಹಾಕಿದಳು. ಅವನು ಕೊಟ್ಟ ಏಟಿಗೆ ತುಟಿ ಒಡೆದು ರಕ್ತ ಇಳಿಯಿತು, ಕೀ ಮಾತ್ರ ಬಿಡಲಿಲ್ಲ. ಪ್ಯಾನೆಲ್ ತೆರೆದಳು. ಸೆನ್ಸರನ್ನು ದಾಟಿಸಿ ತುಂಡು ವೈರು ಕಟ್ಟಿತ್ತು. ಸೆನ್ಸರ್ ಮಾತ್ರ ಯಾರೂ ಕೀಳದೆ ಪ್ರೆಸ್ಸಿನ ಬಾಯಲ್ಲಿ ಇದ್ದಲ್ಲೇ ಇತ್ತು, ಅದರ ಗಾಜಿನ ಕಣ್ಣಿನ ತುಂಬ ಒಣಗಿದ ಕುಂಕುಮ.

"ಕುಂಕುಮ ಮೆತ್ಕೊಂಡು ಮಿಷಿನ್ ನಿಂತ್ ನಿಂತ್ ಓಗ್ತಿತ್ತು ಕಣೇ" ಎಂದು ಸುಬ್ರಮಣಿ ತೊದಲಿದ. "ಪೂಜೆ ಕುಂಕುಮ ಎಂಗೆ ಒರೆಸೋದು? ಅಪಶಕುನ ಅಲ್ವಾ? ಅದ್ಕೇ ವೈರ್ ಕಟ್ಟಿದ್ದು..."

ಜಹೀರ್ ಸ್ಪ್ಯಾನರ್ ಎತ್ತಿದ. ಮೊದಲ ಏಟಿಗೆ ಅವಳು ಅಡ್ಡ ಬರಲಿಲ್ಲ. ಅಣ್ಣನ ಮುಂಗೈ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೆಯ ಏಟಿಗೆ ಅಣ್ಣನನ್ನು ತಬ್ಬಿ ಬೆನ್ನೊಡ್ಡಿ ನಿಂತಳು. ಜಹೀರ್ ಸ್ಪ್ಯಾನರ್ ಎಸೆದು ಗೋಡೆಗೆ ಹಣೆ ಚಚ್ಚಿಕೊಂಡ. ಸುಬ್ರಮಣಿ ಕೈ ಹಿಡಿದುಕೊಂಡು ನೆಲಕ್ಕೆ ಕೂತ.

ಅವಳು ದುಪಟ್ಟಾದ ತುದಿಯಿಂದ ಸೆನ್ಸರಿನ ಕುಂಕುಮವನ್ನು ಒರೆಸುತ್ತಿದ್ದಾಗ ಪೊಲೀಸರು ಒಳಗೆ ಬಂದರು.

"ಈ ವೈರ್ ಕಟ್ಟಿದ್ದು ಯಾರಮ್ಮ?" ಎಂದು ಅವರಲ್ಲೊಬ್ಬರು ತೆರೆದ ಪ್ಯಾನೆಲ್ ತೋರಿಸಿ ಕೇಳಿದರು.

"ನೀನ್ ನನ್ ತಂಗಿ ಅಲ್ವೇನೇ?" ಎಂದು ಸುಬ್ರಮಣಿ ನೆಲದಿಂದಲೇ ಗೋಗರೆದ.

"ನಮ್ಮಣ್ಣ ಸಾರ್" ಎಂದಳು ಅವಳು, ಪೊಲೀಸರಿಗೆ. ಆಮೇಲೆ ಅವನ ಪಕ್ಕದಲ್ಲೇ ಕುಸಿದು ಕೂತು, ಅವನ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜೋರಾಗಿ ಅತ್ತಳು.