ಒಂದು ರಿಂಗು ಅಂದರೆ ಸೌಖ್ಯ

ಸಾಸ್ತಾನದ ಟೋಲ್ ಗೇಟಿನ ಸಾಲಿನಲ್ಲಿ ನಮ್ಮ ಕಾರು ನಿಂತಿದ್ದಾಗ ನನ್ನ ಫೋನು ಒಂದು ಸಲ ರಿಂಗಾಗಿ ಸುಮ್ಮನಾಯಿತು. ಚೀಲದೊಳಗೆ ಹೋಗಿದ್ದ ನನ್ನ ಕೈ ಹಾಗೇ ವಾಪಸು ಬಂತು. ದೀಪ ಹೊತ್ತಿಸುವ ಹೊತ್ತು. ಕಾರು ಓಡಿಸುತ್ತಿದ್ದ ಗಂಡ "ಮಾವನದ್ದಾ?" ಎಂದರು. "ಹೌದು. ಸೌಖ್ಯ ಅಂಬ್ರ್" ಎಂದೆ. ನಿಮಗೆ ಇದು ವಿಚಿತ್ರವಾಗಿ ಕಾಣಬಹುದು. ತಿಂಗಳಿಗೊಮ್ಮೆ ದುಡ್ಡು ಕಟ್ಟಿದರೆ ಬಾಯಿ ಸೋಲುವ ತನಕ ಮಾತಾಡಬಹುದಾದ ಈ ಕಾಲದಲ್ಲಿ ಒಂದು ರಿಂಗು ಕೊಟ್ಟು ಕಟ್ ಮಾಡುವವರು ಯಾರು? ಸಾಲು ಮುಂದೆ ಸರಿಯುವ ತನಕ ಹೇಳುತ್ತೇನೆ, ಕೇಳಿ. ಈ ಟೋಲ್ ಗೇಟನ್ನು ಬಲ್ಲವರಿಗೆ ನಮ್ಮ ಹತ್ತಿರ ಬೇಕಾದಷ್ಟು ಸಮಯವಿದೆ ಎಂದು ಗೊತ್ತು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ತೆಕ್ಕಟ್ಟೆಯ ಹೆದ್ದಾರಿ ಬದಿಯಲ್ಲಿ ಅವರದ್ದೊಂದು ಸಣ್ಣ ಹೋಟೆಲಿತ್ತು. ನಾನು ಕುಂದಾಪುರದ ಶಾಲೆಗೆ ಹೊಸದಾಗಿ ಟೀಚರಾಗಿ ಸೇರಿದಾಗ ಅವರ ಮನೆಯಲ್ಲೇ ಇದ್ದೆ. ಜನ ಅವರನ್ನು ಜಿಪುಣ ಎನ್ನುತ್ತಿದ್ದರು, ಅದು ಪೂರ್ತಿ ಸರಿಯಲ್ಲ. ಸಾಂಬಾರು ಎರಡನೇ ಸಲ ಕೇಳಿದವರಿಗೆ ಮೂರನೇ ಸಲ ಕೇಳದೆಯೇ ಹಾಕಿಸುತ್ತಿದ್ದರು. ಲಾರಿಯವರು ಚಟ್ನಿಯನ್ನು ಕುಡಿದು ಎದ್ದರೂ ಮುಖ ಗಂಟಿಕ್ಕಿದವರಲ್ಲ. ಅವರ ಜೀವ ಹೋಗುತ್ತಿದ್ದುದು ಮಾತಿಗೆ ದುಡ್ಡು ಕೊಡುವಾಗ ಮಾತ್ರ. "ಸಾಂಬಾರಿಗಾರೆ ಬೇಳೆ ಬಿದ್ದಿತ್ತ್. ಬಾಯಿ ಗಾಳಿಗೆ ದುಡ್ ಕೊಡ್ಕಾ?" ಎನ್ನುತ್ತಿದ್ದರು. ಒಳಬರುವ ಕರೆ ಪುಕ್ಕಟೆ ಆದ ಮೇಲೆಯೇ ಅವರು ಮೊಬೈಲು ತೆಗೆದುಕೊಂಡದ್ದು. ಅದನ್ನು ರೇಡಿಯೋದ ಹಾಗೆ ಬರೀ ಕೇಳುವುದಕ್ಕೆ ಬಳಸುತ್ತಿದ್ದರು.

ಅವರ ಮಗಳು ಸುಜಾತ ಮಸ್ಕತ್ತಿನಲ್ಲಿದ್ದಳು. ಅವಳ ಬಾಣಂತನಕ್ಕೆ ಅವಳ ಅಮ್ಮ, ಅಂದರೆ ನನ್ನ ಅತ್ತೆ, ಮೂರು ತಿಂಗಳು ಅಲ್ಲಿಗೆ ಹೋಗುವುದೆಂದಾಯಿತು. ಮದುವೆಯಾದ ಮೇಲೆ ಅತ್ತೆ ಅಷ್ಟು ದಿನ ಮಾವನನ್ನು ಬಿಟ್ಟು ಇದ್ದದ್ದೇ ಇಲ್ಲ. ಹೊರಡುವ ಮುಂಚಿನ ದಿನ ಅತ್ತೆ ಕುಚ್ಚಲಕ್ಕಿ, ಬಾಣಂತಿ ಲೇಹ್ಯ, ತೆಂಗಿನೆಣ್ಣೆ ಕಟ್ಟುತ್ತಿದ್ದರೆ ಮಾವ ಪಕ್ಕದಲ್ಲಿ ಕೂತು ಕಾನೂನು ಮಾಡಿದರು. ಅಳಿಯ ಅಲ್ಲಿ ಒಂದು ಮೊಬೈಲು ಕೊಡುತ್ತಾನೆ. ದಿನಾ ದೀಪ ಹೊತ್ತಿಸುವ ಹೊತ್ತಿಗೆ ಅತ್ತೆ ಅದರಿಂದ ರಿಂಗು ಕೊಡಬೇಕು, ಇಲ್ಲಿ ಯಾರೂ ಎತ್ತಬಾರದು. ಎತ್ತಿದರೆ ಅಲ್ಲಿ ದುಡ್ಡು ಓಡುತ್ತದೆ. ಒಂದು ರಿಂಗು ಅಂದರೆ ಸೌಖ್ಯ, ಎರಡು ಅಂದರೆ ಹೆರಿಗೆಯಾಯಿತು. ನಿಲ್ಲದೆ ಹೊಡೆದುಕೊಂಡರೆ ಏನೋ ತೊಂದರೆ, ಆಗ ಮಾತ್ರ ಎತ್ತುವುದು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಹ್ವಾಯ್, ನಂಗ್ ಮಾತಾಡ್ಕ್ ಅಂದ್ ಆರೆ ಎಷ್ಟ್ ರಿಂಗ್?" ಎಂದರು.

"ಮಾತಾಡುಕೆ ಎಂತ ಇತ್ತ್? ಬಂದ್ ಮೇಲೆ ಮಾತಾಡುವ."

ಅತ್ತೆ ಲೇಹ್ಯದ ಡಬ್ಬಿಗೆ ಇನ್ನೊಂದು ಸುತ್ತು ಪ್ಲಾಸ್ಟಿಕ್ ಸುತ್ತಿದರು.

ಕಾನೂನು ಚೆನ್ನಾಗಿಯೇ ನಡೆಯಿತು. ಸಂಜೆ ಒಂದು ರಿಂಗು ಬರುವುದು, ಮಾವ "ಕಂಡ್ಯಾ ಮಗಾ, ಒಂದ್ ಪೈಸೆ ಖರ್ಚಿಲ್ಲೆ" ಎಂದು ನನ್ನ ಮುಖ ನೋಡುವುದು. ಹೋಟೆಲಿಗೆ ಬಂದವರಿಗೆಲ್ಲ ಇದನ್ನು ಚಹಾದ ಜೊತೆ ಬಡಿಸಿದರು. ಗಲ್ಫಿನಲ್ಲಿ ಮಕ್ಕಳಿದ್ದ ಎಷ್ಟೋ ಮನೆಗಳಲ್ಲಿ ಸಂಜೆಯಾದರೆ ಫೋನು ಹೊಡೆದುಕೊಳ್ಳುವುದೂ ಮನೆಮಂದಿಯೆಲ್ಲ ಸುತ್ತ ಕೂತು ಅದನ್ನು ಎತ್ತದೆ ಇರುವುದೂ ಶುರುವಾಯಿತು.

ಒಂದು ಸಂಜೆ ಎರಡು ರಿಂಗು ಬಂತು. ಮಾವ ಕುರ್ಚಿಯಿಂದ ಎದ್ದೇ ಬಿಟ್ಟರು. ಆಮೇಲೆ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಗಂಡೋ ಹೆಣ್ಣೋ ಎಂಬುದಕ್ಕೆ ಕಾನೂನಿನಲ್ಲಿ ರಿಂಗೇ ಇರಲಿಲ್ಲ. ಕೊನೆಗೆ ಒಂದು ಮೆಸೇಜು ಕಳಿಸುವುದೆಂದು ತೀರ್ಮಾನವಾಯಿತು. ಸಣ್ಣದಿರಲಿ ದೊಡ್ಡದಿರಲಿ ದರ ಒಂದೇ ಎಂದು ಗೊತ್ತಾದದ್ದೇ ಮಾವ, "ಹಾಂಗಾರೆ ಪೂರ್ತಿ ತುಂಬ್ಸ್" ಎಂದರು. ಮಗುವಿನ ತೂಕ ಎಷ್ಟು, ಸುಜಾತಳಿಗೆ ಗಂಜಿ ಕೊಟ್ಟಿರಾ, ಎಣ್ಣೆ ಡಬ್ಬಿ ವಿಮಾನದಲ್ಲಿ ಸೋರಿತಾ, ಅಲ್ಲಿ ಬಂಗುಡೆ ಸಿಗುತ್ತದಾ ಎಂದೆಲ್ಲ ಅವರು ಹೇಳುತ್ತಾ ಹೋದರು. ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುತ್ತಾ ಹೋದೆ. ಕಳಿಸಿದ ಮೇಲೆ ನೆನಪಾಯಿತು, ಗಂಡೋ ಹೆಣ್ಣೋ ಎಂದು ಕೇಳಿರಲಿಲ್ಲ. ಅಳಿಯ ಎಲ್ಲದಕ್ಕೂ ಸೇರಿಸಿ "ತಾಯಿ ಮಗು ಸೌಖ್ಯ" ಎಂದಷ್ಟೇ ಉತ್ತರ ಕೊಟ್ಟ. ಇನ್ನೊಂದು ಮೆಸೇಜಿಗೆ ಮಾವನ ಮನಸ್ಸು ಬರಲಿಲ್ಲ. ಮರುದಿನ ಹೋಟೆಲಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು. "ಗಂಡಾ, ಹೆಣ್ಣಾ?" ಎಂದು ಕೇಳಿದವರಿಗೆ, "ಮಗು ಮಾರಾಯಾ! ಮಗು!" ಎಂದು ಜೋರು ಮಾಡಿದರು.

ಆ ಸಂಜೆ ರಿಂಗಾದಾಗ ಮಾವ ಫೋನು ಎತ್ತಿಬಿಟ್ಟರು. ಅವರ ಫೋನಿನ ದನಿ ಅಡಿಗೆಮನೆಗೂ ಕೇಳುವಷ್ಟು ದೊಡ್ಡದು.

"ಹ್ವಾಯ್, ಎತ್ತಿದ್ದೆಂತಕೆ? ಅಳಿಯನ ದುಡ್ಡಲ್ದಾ, ಇಡಿ ಕಾಂಬ!"

"ಗಂಡಾ, ಹೆಣ್ಣಾ?"

"ಹೆಣ್ಣ್. ಇಡಿ!"

ಅಲ್ಲಿಗೆ ಕೇಳಬೇಕಾದದ್ದು ಮುಗಿದಿತ್ತು. ಆದರೂ ಮರುದಿನ ಎತ್ತಿದರು. "ಮತ್ತೆಂತ?" ಎಂದು ಅತ್ತೆ ಗದರಿದರೆ, "ಎಂತದೂ ಇಲ್ಲೆ, ಕೈ ಜಾರ್ತ್" ಎಂದರು. ಆಮೇಲೆ ದಿನಾ ಕೈ ಜಾರತೊಡಗಿತು. ಮಗಳ ಮನೆಯಲ್ಲಿ ಅಳಿಯನ ದುಡ್ಡು ಕರಗಿಸುವುದು ಅತ್ತೆಗೆ ನಾಚಿಕೆಯ ವಿಷಯ, ಹಾಗಾಗಿ ಅವರು ರಿಂಗನ್ನು ಮೊಟಕು ಮಾಡುತ್ತಾ ಬಂದರು. ಮಾವ ಹೆಬ್ಬೆರಳನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡು ಕೂರತೊಡಗಿದರು. ಒಂದೊಂದು ದಿನ ಅತ್ತೆ ಗೆಲ್ಲುತ್ತಿದ್ದರು, ಆ ದಿನ ಮಾವನಿಗೆ ಹೋಟೆಲಿನ ಯಾವ ಪಲ್ಯಕ್ಕೂ ಉಪ್ಪು ಸರಿಯಿರುತ್ತಿರಲಿಲ್ಲ. ನನಗೆ ನಗು ಬರುತ್ತಿತ್ತು, ಪಾಪ ಎಂದೂ ಅನಿಸುತ್ತಿತ್ತು.

ಅತ್ತೆ ಬರುವ ದಿನ ಹತ್ತಿರವಾದಾಗ ಅಳಿಯನೇ ಫೋನು ಮಾಡಿದ. ಸುಜಾತ ಕೆಲಸಕ್ಕೆ ಹೋಗಬೇಕು, ಅತ್ತೆ ಇನ್ನೂ ಎರಡು ತಿಂಗಳು ಇರಬಹುದಾ? ಅತ್ತೆಯನ್ನು ಕೇಳಿದರೆ, ಮಾವ ಹೇಳಿದ ಹಾಗೆ ಎನ್ನುತ್ತಾರಂತೆ. "ಇರ್ಲಿ, ಅದಕ್ಕೆಂತ" ಎಂದು ಮಾವ ಧಾರಾಳವಾಗಿ ಹೇಳಿ ಫೋನು ಇಟ್ಟರು. ಇಟ್ಟ ಮೇಲೆ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತರು. ಬಾ ಎನ್ನುವುದಕ್ಕೂ ಅವರ ಕಾನೂನಿನಲ್ಲಿ ರಿಂಗಿರಲಿಲ್ಲ.

ಮರುದಿನ ಸಂಜೆ ಅವರು ಅಂಗಡಿಯಿಂದ ದೊಡ್ಡ ಮೊತ್ತದ ಕರೆನ್ಸಿ ಕಾರ್ಡು ತಂದು, ನಾಣ್ಯದಿಂದ ಕೆರೆದು, ನಂಬರು ಒತ್ತಲು ನನಗೆ ಕೊಟ್ಟರು. ಆಮೇಲೆ ತಾವೇ ಮಸ್ಕತ್ತಿಗೆ ಫೋನು ಮಾಡಿದರು. ಕಟ್ ಮಾಡಲಿಲ್ಲ. ಅದು ಹೊಡೆದುಕೊಳ್ಳುತ್ತಲೇ ಇತ್ತು.

"ಎಂತ ಆಯ್ತ್ ಹ್ವಾಯ್? ಹುಷಾರಿಲ್ಯಾ?" ಅತ್ತೆ ಎತ್ತಿದ ಕೂಡಲೇ ಕೇಳಿದರು.

"ಎಂತದೂ ಇಲ್ಲೆ. ಉಂಡ್ಯಾ?"

"ಉಂಡೆ. ನೀವ್ ಉಂಡ್ರ್ಯಾ?"

"ಉಂಡೆ."

ದೀಪ ಹೊತ್ತಿಸುವ ಹೊತ್ತಿಗೆ ಯಾರೂ ಉಂಡಿರುವುದಿಲ್ಲ. ಆಮೇಲೆ ಇಬ್ಬರೂ ಸುಮ್ಮನಾದರು. ಮಾವ ಇಡಲಿಲ್ಲ, ಅತ್ತೆ ಇಡಿ ಎನ್ನಲಿಲ್ಲ. ಒಮ್ಮೆ ಅಲ್ಲಿ ಮಗು ಅತ್ತದ್ದು ಕೇಳಿಸಿತು. ಕರೆನ್ಸಿ ಮುಗಿದು ಲೈನು ತಾನಾಗಿ ಕಡಿಯುವ ತನಕ ಅವರು ಹಾಗೇ ಇದ್ದರು. ನಾನು ಅಡಿಗೆಮನೆಯಲ್ಲಿ ಸದ್ದು ಮಾಡದೆ ನಿಂತಿದ್ದೆ.

ಅತ್ತೆ ಮೊದಲು ಹೇಳಿದ್ದ ದಿನವೇ ಬಂದಿಳಿದರು. "ನಾ ಎಂತಾರೂ ಹೇಳ್ದ್ನಾ? ಮಾತೇ ಆಡ್ಲಿಲ್ಲೆ!" ಎಂದು ಮಾವ, ಫೋನು ಮಾಡಿದ ಸುಜಾತಳ ಹತ್ತಿರ ವಾದ ಮಾಡಿದರು. ಅದಕ್ಕೆ ನಾನೇ ಸಾಕ್ಷಿ.

ಅತ್ತೆ ಹೋದ ವರ್ಷ ತೀರಿಕೊಂಡರು. ಸುಜಾತ ಊರಿಗೆ ಮರಳಿ ಬ್ರಹ್ಮಾವರದಲ್ಲಿ ಮನೆ ಕಟ್ಟಿದ್ದಾಳೆ, ಮಾವ ಅಲ್ಲೇ ಇದ್ದಾರೆ. ಎರಡು ರಿಂಗಿನ ಆ ಹುಡುಗಿ ಈಗ ಹೈಸ್ಕೂಲು. ಎಷ್ಟು ಬೇಕಾದರೂ ಮಾತಾಡುವ ಪ್ಯಾಕನ್ನು ಅಜ್ಜನ ಫೋನಿಗೆ ಹಾಕಿಸಿಕೊಟ್ಟವಳು ಅವಳೇ. ಆದರೂ ಅತ್ತೆ ಹೋದ ಮೇಲೆ ಮಾವ ದಿನಾ ದೀಪ ಹೊತ್ತಿಸುವ ಹೊತ್ತಿಗೆ ನನಗೆ ಒಂದು ರಿಂಗು ಕೊಡುತ್ತಾರೆ. ನಾನು ಎತ್ತುವುದಿಲ್ಲ. ಹಳೆಯ ಜಿಪುಣತನ ಎಂದು ಮನೆಯಲ್ಲಿ ನಗುತ್ತೇವೆ.

ಇವತ್ತು ನಿಮಗೆ ಇಷ್ಟು ಹೇಳಿ ಮುಗಿಸುವಾಗ ನನಗೆ ನಗು ಬರಲಿಲ್ಲ. ಚೀಲದಿಂದ ಫೋನು ತೆಗೆದು ಮಾವನಿಗೆ ಕರೆ ಮಾಡಿದೆ.

"ಎಂತಕೆ ಮಾಡಿದ್ದ್ ಮಗಾ? ಒಂದೇ ರಿಂಗ್ ಅಲ್ದಾ ಕೊಟ್ಟದ್ದ್?"

"ಕೈ ಜಾರ್ತ್ ಮಾವ."

"ಉಂಡ್ಯಾ?" ಎಂದರು.

"ಉಂಡೆ" ಎಂದೆ.

ಸಾಲು ಮುಂದೆ ಸರಿಯಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಮಾವ ಇಡಲಿಲ್ಲ, ನಾನೂ ಇಡಲಿಲ್ಲ. ಈಗಿನ ಪ್ಯಾಕಿನಲ್ಲಿ ಕರೆನ್ಸಿ ಮುಗಿಯುವುದಿಲ್ಲವಲ್ಲ, ಫೋನನ್ನು ಯಾರು ಇಡಬೇಕೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.