ಮರವನ್ನು ಕೇಳದ ಪಟ್ಟಿ

ಹುಣಸೂರಿನ ನಮ್ಮ ಬೀದಿಯಲ್ಲಿ ಗಾಡಿಚಕ್ರ ಮಾಡುತ್ತಿದ್ದ ಆಚಾರರು ಯಾವ ಕೆಲಸಕ್ಕೂ ಮೊದಲು ಮರಕ್ಕೆ ಬೆರಳಿನಿಂದ ಎರಡು ಸಲ ಬಡಿದು ಕಿವಿಗೊಡುತ್ತಿದ್ದರು. ಜೊತೆಯಲ್ಲಿ ಕೆಲಸ ಮಾಡುವವರಿಗೆಲ್ಲ ಅವರದು ಒಂದೇ ಪ್ರಶ್ನೆ: "ಮರವ ಕೇಳ್ದಾ?"

ನಾನಾಗ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದೆ. ಬೇಸಿಗೆ ರಜೆಗೆ ಬಂದವನು, ಕಾದ ಕಬ್ಬಿಣ ಎಷ್ಟು ಹಿಗ್ಗುತ್ತದೆ, ಆರಿದರೆ ಎಷ್ಟು ಕುಗ್ಗುತ್ತದೆ ಎಂದು ಅವರಿಗೇ ಪಾಠ ಹೇಳಿದೆ. ಅವರು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಅಂಗಾದ್ರೆ ಈ ಚಕ್ರದ ಪಟ್ಟಿ ನಿಂದೇ ಕಣಪ್ಪ" ಎಂದರು.

ಟೇಪು ಹಿಡಿದು ಸುತ್ತಳತೆ ತೆಗೆದೆ, ಲೆಕ್ಕ ಹಾಕಿದೆ. ಕಬ್ಬಿಣದ ಪಟ್ಟಿಯನ್ನು ಬಾಗಿಸಿ ಬೆಸೆದು, ಕೆಂಪಗೆ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ ನೀರು ಹುಯ್ದೆವು. ಹಬೆ ಸರಿದ ಮೇಲೆ ಆಚಾರರು ಚಕ್ರ ಎತ್ತಿದರು. ಪಟ್ಟಿ ನೆಲದ ಮೇಲೇ ಉಳಿಯಿತು.

"ಕಬ್ಬಿಣದ ಲೆಕ್ಕ ಸರಿಯಾಗೈತೆ. ಮರದ ತುಂಡುಗಳ ನಡುವೆ ನಾನು ಸಂದು ಬುಟ್ಟಿದ್ದೆ, ನೀನು ಅದನ್ನೂ ಸೇರಿಸಿ ಅಳ್ದೆ. ಪಟ್ಟಿ ಬಿಗಿದ್ರೆ ಸಂದು ಮುಚ್ಕಂಡು ಚಕ್ರ ಸಣ್ಣದಾಯ್ತದೆ, ಪಟ್ಟಿ ಸಡ್ಲಾಯ್ತದೆ. ಮರವ ಕೇಳ್ದಾ?" ಎಂದವರು ನಗು ತಡೆಯಲಾರದೆ ಚಕ್ರದ ಮೇಲೇ ಕೂತರು. ನನಗೂ ನಗು ಬಂತು.

ಕತ್ತರಿಸಿ ಸರಿಮಾಡೋಣವೆಂದರೆ ಒಪ್ಪಲಿಲ್ಲ. "ನಮ್ಮ ಇಂಜಿನಿಯರು ಮಾಡಿದ್ದು, ಇರ್ಲಿ ಬುಡು" ಎಂದು ಪಟ್ಟಿಯನ್ನು ಅಂಗಡಿ ಮುಂದಿನ ಬೇವಿನ ಮರಕ್ಕೆ ನೇತುಹಾಕಿದರು.

ಮುಂದಿನ ವರ್ಷ ನಾನು ಪಾಸಾದ ಸುದ್ದಿ ಬಂದಾಗ, ಸುತ್ತಿಗೆಯಿಂದ ಆ ಪಟ್ಟಿಯನ್ನು ಗಂಟೆಯಂತೆ ಬಡಿದು ಇಡೀ ಬೀದಿಯನ್ನೇ ಕೂಡಿಸಿದರು. ಆಮೇಲೆ ಸುತ್ತಿಗೆಯನ್ನು ನನ್ನ ಕೈಗಿತ್ತು, "ನೀನೂ ಒಂದೇಟು ಹಾಕು" ಎಂದರು. ನಾನು ಮೊದಲು ಬೇವಿನ ಮರಕ್ಕೆ ಬೆರಳಿನಿಂದ ಎರಡು ಸಲ ಬಡಿದು ಕಿವಿಗೊಟ್ಟೆ.